ತಲೆಯಿಲ್ಲದ ಹೆಲ್ಮೆಟ್ಟು

ಫ್ರಿಜ್ಜಿನ ಮೇಲಿಟ್ಟಿದ್ದ ನನ್ನ ಹೆಲ್ಮೆಟ್ಟು ಉರುಳಿ ಬಿದ್ದ ಸದ್ದಿಗೆ ಹೆಂಡತಿ ಓಡಿಬಂದಳು. ಬಿದ್ದದ್ದು ನಾನಲ್ಲವೆಂದು ಖಾತ್ರಿಯಾಗಿ ವಾಪಸು ಹೊರಟವಳನ್ನು ತಡೆದು, "ಇದರ ಕಥೆ ಮುಗೀತು ಕಣೇ, ಹೊಸದು ತರಬೇಕು" ಎಂದೆ. ಕೆಂಪು ಗೆರೆಯ ಕಪ್ಪು ಹೆಲ್ಮೆಟ್ಟೊಂದನ್ನು ಆಗಲೇ ನೋಡಿಟ್ಟು ಬಂದಿದ್ದೆ. ಅದನ್ನು ಹಾಕಿಕೊಂಡರೆ ಹತ್ತು ವರ್ಷ ಚಿಕ್ಕವನಾಗಿ ಕಾಣುತ್ತೇನೆಂದು ಅಂಗಡಿಯವನೇ ಹೇಳಿದ್ದ. (ಮುಖ ಪೂರ್ತಿ ಮುಚ್ಚಿದರೆ ಯಾರು ಬೇಕಾದರೂ ಹಾಗೆ ಕಾಣುತ್ತಾರೆ, ಅದು ಬೇರೆ ಮಾತು.)

ಯಾಕೆ ಅಂತ ಕೇಳಿಬಿಟ್ಟಳು. 1935ರಲ್ಲಿ ಬೈಕಿನಿಂದ ಬಿದ್ದು ತೀರಿಕೊಂಡ ಲಾರೆನ್ಸ್ ಆಫ್ ಅರೇಬಿಯಾನಿಂದಲೇ ಶುರುಮಾಡಿದೆ. ಅವನಿಗೆ ಚಿಕಿತ್ಸೆ ಕೊಟ್ಟವರಲ್ಲೊಬ್ಬರಾದ ಮಿದುಳು ತಜ್ಞ ಹ್ಯೂ ಕೇರ್ನ್ಸ್, ಮುಂದೆ ಸೈನ್ಯದ ಬೈಕ್ ಸವಾರರ ತಲೆಪೆಟ್ಟುಗಳನ್ನು ಲೆಕ್ಕಹಾಕಿ 1941ರಲ್ಲಿ ಹೆಲ್ಮೆಟ್ಟಿನ ಪರವಾಗಿ ಲೇಖನ ಬರೆದರು ಎನ್ನುವಷ್ಟರಲ್ಲಿ ಕುಕ್ಕರ್ ಕೂಗಿತು. ಶ್ರೋತೃ ಅಡುಗೆಮನೆಗೆ ಹೋದರು. ಭಾಷಣವೂ ಹಿಂದೆಯೇ ಹೋಯಿತು.

"ಮೇಲಿನ ಚಿಪ್ಪು ಪೆಟ್ಟನ್ನು ಹರಡುತ್ತೆ ಅಷ್ಟೆ. ಜೀವ ಉಳಿಸೋದು ಒಳಗಿನ ಥರ್ಮೋಕೋಲು. ಸುಮಾರು 2.9 ಮೀಟರ್ ಎತ್ತರದಿಂದ ಬಿದ್ದ ತಲೆ ನೆಲ ಮುಟ್ಟೋವಾಗ ಗಂಟೆಗೆ 27 ಕಿ.ಮೀ. ವೇಗದಲ್ಲಿರುತ್ತೆ. ಅದು ಎರಡೂವರೆ ಮಿಲಿಮೀಟರಿನೊಳಗೆ ನಿಂತರೆ ತನ್ನ ತೂಕದ ಸಾವಿರ ಪಟ್ಟಿಗೂ ಮೀರಿದ ಹೊಡೆತ ತಿನ್ನುತ್ತೆ. ಥರ್ಮೋಕೋಲು ಎರಡೂವರೆ ಸೆಂಟಿಮೀಟರ್ ಜಜ್ಜಿಹೋಗುತ್ತಾ ನಿಲ್ಲಿಸಿತೋ, ಹೊಡೆತ ಹತ್ತರಲ್ಲೊಂದು ಪಾಲು!"

"ಅದರ ಬದಲು ಮೆತ್ತಗೆ ಸ್ಪಂಜು ಹಾಕಬಹುದಿತ್ತಲ್ಲ?"

"ಸ್ಪಂಜು ಪುಟಿದೇಳುತ್ತೆ, ನುಂಗಿದ ಶಕ್ತೀನ ತಲೆಗೇ ವಾಪಸ್ ಕೊಡುತ್ತೆ. ಥರ್ಮೋಕೋಲು ಒಮ್ಮೆ ಕುಸಿದರೆ ಮತ್ತೆ ಏಳಲ್ಲ. ಅದಕ್ಕೇ ಅದರ ಆಯುಸ್ಸು ಒಂದೇ ಪೆಟ್ಟಿಗೆ."

"ಅದನ್ನ ಜಜ್ಜೋದು ಯಾವುದು?"

"ಒಳಗಿರೋ ತಲೆ."

"ಫ್ರಿಜ್ಜಿನಿಂದ ಬಿದ್ದಾಗ ಇದರೊಳಗೆ ತಲೆ ಇತ್ತಾ?"

ಖಾಲಿ ಹೆಲ್ಮೆಟ್ಟು ಅಷ್ಟೆತ್ತರದಿಂದ ಒಮ್ಮೆ ಬಿದ್ದರೆ ಒಳಪದರಕ್ಕೆ ಸಾಮಾನ್ಯವಾಗಿ ಏನೂ ಆಗದು ಎಂಬ ಅಧ್ಯಾಯವನ್ನು ನಾನು ಬೇಕೆಂದೇ ಹಾರಿಸಿದ್ದೆ. ಅವಳು ಕೈ ಒರೆಸಿಕೊಂಡು ಹೆಲ್ಮೆಟ್ಟನ್ನು ತೆಂಗಿನಕಾಯಿ ಆರಿಸುವವಳಂತೆ ತಟ್ಟಿ ನೋಡಿದಳು. ಬಿರುಕಿಲ್ಲ, ಐಎಸ್‌ಐ ಗುರುತು ಸರಿಯಾಗಿದೆ.

"ಪಟ್ಟಿ ಬಿಗಿಯದಿದ್ದರೆ ತಲೆ ನೆಲ ಮುಟ್ಟೋ ಮೊದಲೇ ಹೆಲ್ಮೆಟ್ಟು ಹಾರಿಹೋಗುತ್ತೆ ಅಂತ ನೀವೇ ಅಲ್ವಾ ಹೇಳ್ತಿದ್ದದ್ದು? ಎಲ್ಲಿ, ಹಾಕಿ ನೋಡೋಣ."

ಹಾಕಿದೆ. ಬಕಲ್ ಎಷ್ಟೆಳೆದರೂ ಕೂಡಲಿಲ್ಲ. "ನೋಡು, ಬಿದ್ದ ರಭಸಕ್ಕೆ ಪಟ್ಟಿ ಕುಗ್ಗಿದೆ" ಎಂದೆ, ಮತ್ತೆ ಆಸೆ ಚಿಗುರಿ.

"ಪಟ್ಟಿ ಇದ್ದಷ್ಟೇ ಇದೆ ರೀ. ಗದ್ದ ಎರಡಾಗಿದೆ."