ಅಬ್ಜೆಕ್ಷನ್ ತಾತ

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಒಂದು ಸಿಎ ಸೈಟು, ಒಬ್ಬರು ನಿವೃತ್ತ ಇಂಜಿನಿಯರು ಇದ್ದೇ ಇರುತ್ತಾರೆ. ಸಿಎ ಸೈಟೆಂದರೆ ಬಿಡಿಎಯವರು ಬಡಾವಣೆ ಮಾಡುವಾಗ ಶಾಲೆಗೋ ಆಸ್ಪತ್ರೆಗೋ ಅಂಚೆ ಕಚೇರಿಗೋ ಇರಲಿ ಎಂದು ಮಾರದೆ ಉಳಿಸಿದ ಜಾಗ. ಇಂಜಿನಿಯರೆಂದರೆ ಆ ಜಾಗ ಹಾಗೇ ಉಳಿಯುವಂತೆ ನೋಡಿಕೊಳ್ಳುವವರು. ನಮ್ಮ ಬಡಾವಣೆಯ ಇಂಜಿನಿಯರರಿಗೆ ಹುಡುಗರು ಇಟ್ಟ ಹೆಸರು ಅಬ್ಜೆಕ್ಷನ್ ತಾತ. ಅದು ಅವರ ಕಿವಿಗೂ ಬಿದ್ದಿದೆ. ಅಬ್ಜೆಕ್ಷನ್ ಅನ್ನುವುದರ ಬಗ್ಗೆ ಅವರದೇನೂ ತಕರಾರಿಲ್ಲ. ತಾತ ಅನ್ನುವುದಕ್ಕೆ ಮಾತ್ರ ಅಬ್ಜೆಕ್ಷನ್ ಇದೆ.

ಬೆಳಗ್ಗೆ ಆರಕ್ಕೆ ಹೊರಡುತ್ತಾರೆ. ತಲೆಗೆ ಮಂಕಿ ಕ್ಯಾಪು, ಮೈಗೆ ಸ್ವೆಟರು, ಕೆಳಗೆ ಚಡ್ಡಿ. ಚಳಿ ಮೊಣಕಾಲಿನ ತನಕ ಇಳಿಯುವುದಿಲ್ಲವೆಂದು ಅವರ ನಂಬಿಕೆ. ಕಂಕುಳಲ್ಲಿ ಫೈಲು. ಅದರಲ್ಲಿ ಲ್ಯಾಮಿನೇಟ್ ಮಾಡಿಸಿದ ಗ್ರಾಮನಕ್ಷೆ, ಆರ್‌ಟಿಐ ಹಾಕಿ ಪಡೆದ ಉತ್ತರಗಳು, ಆ ಉತ್ತರಗಳಿಗೆ ಹಾಕಿದ ಮೇಲ್ಮನವಿಗಳು. ಜೇಬಲ್ಲಿ ಹಸಿರು ಇಂಕಿನ ಪೆನ್ನು. ಗೆಜೆಟೆಡ್ ಅಧಿಕಾರಿಯಾಗಿದ್ದ ಕಾಲದ ಅಭ್ಯಾಸ, ಬಿಟ್ಟಿಲ್ಲ. ಈಗ ಹಾಲಿನವನ ಲೆಕ್ಕಕ್ಕೂ ಹಸಿರು ಇಂಕೇ. ಇದೆಲ್ಲಕ್ಕಿಂತ ಹೆದರಬೇಕಾದದ್ದು ಅವರ 30 ಮೀಟರಿನ ಟೇಪಿಗೆ. ಅದರ ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ತುದಿ ಆ ಹೊತ್ತಿಗೆ ಬೀದಿಯಲ್ಲಿ ಸಿಕ್ಕವರ ಕೈಯಲ್ಲಿ. ‘ಸ್ವಲ್ಪ ಹಿಡ್ಕೊಳ್ರೀ’ ಎಂದರೆಂದು ಹಿಡಿದುಕೊಂಡ ಪೇಪರ್ ಹುಡುಗ ಒಮ್ಮೆ ಪೇಪರು ಹಂಚುವಾಗ ಮಧ್ಯಾಹ್ನವಾಗಿತ್ತು.

ಒಂದು ಮಾತು ಹೇಳಲೇಬೇಕು. ಇಂಥವರಿಲ್ಲದಿದ್ದರೆ ಈ ಊರಿನ ಅರ್ಧ ಪಾರ್ಕುಗಳು ಇಷ್ಟು ಹೊತ್ತಿಗೆ ಕಾಂಪ್ಲೆಕ್ಸುಗಳಾಗಿರುತ್ತಿದ್ದವು. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟಿದ್ದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಿದ್ದು ಸಲ್ಲದೆಂದು 1991ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಲ್ಲಿನ ನಿವಾಸಿಗಳು ಹಟ ಹಿಡಿದು ಕೋರ್ಟಿನ ಮೆಟ್ಟಿಲು ಹತ್ತಿದ್ದರಿಂದಲೇ ಅದು ಸಾಧ್ಯವಾಯಿತು. ತಾತ ಆ ತೀರ್ಪನ್ನು ತಾವೇ ವಾದಿಸಿ ಗೆದ್ದವರ ಹಾಗೆ ವರ್ಣಿಸುತ್ತಾರೆ. ನಮ್ಮ ಸೈಟಿನಲ್ಲಿ ಕಲ್ಯಾಣಮಂಟಪ ಏಳುವುದನ್ನು ಮಾತ್ರ ನಿಜವಾಗಿಯೂ ಅವರೇ ತಡೆದರು. ಅಂದು ಎಲ್ಲರೂ ಚಪ್ಪಾಳೆ ತಟ್ಟಿದೆವು. ತೊಂದರೆ ಶುರುವಾದದ್ದೇ ಅಲ್ಲಿಂದ. ಆಮೇಲೆ ಅವರು ಗ್ರಂಥಾಲಯವನ್ನು ತಡೆದರು, ಹಾಲಿನ ಬೂತನ್ನು ತಡೆದರು. ಅವರು ತಡೆಯುವುದನ್ನು ತಡೆಯಲು ಮಾತ್ರ ಯಾರಿಂದಲೂ ಆಗಲಿಲ್ಲ.

ಹೀಗಿರುವಾಗ ಬಂತು ಪ್ರಾಥಮಿಕ ಶಾಲೆಯ ಪ್ರಸ್ತಾಪ. ಬಡಾವಣೆ ನುಂಗಿ ಉಳಿಸಿದ ಹಳೇ ಹಳ್ಳಿಯೊಂದು ಪಕ್ಕದಲ್ಲಿದೆ. ಅಲ್ಲಿನ ಸರ್ಕಾರಿ ಶಾಲೆಗೆ ಎರಡೇ ಕೋಣೆ. ಅದರಾಚೆ ಕಟ್ಟಡ ಕೆಲಸಕ್ಕೆಂದು ರಾಯಚೂರು, ಯಾದಗಿರಿ ಕಡೆಯಿಂದ ಬಂದವರ ಶೆಡ್ಡುಗಳು, ಶೆಡ್ಡುಗಳ ತುಂಬ ಮಕ್ಕಳು. ಒಂದರಿಂದ ಐದನೇ ತರಗತಿಯ ಮಗುವಿಗೆ ಒಂದು ಕಿಲೋಮೀಟರಿನೊಳಗೆ ಶಾಲೆ ಇರಬೇಕೆಂಬುದು ಶಿಕ್ಷಣ ಹಕ್ಕು ಕಾಯ್ದೆಯಡಿಯ ನಿಯಮ. ನಮ್ಮ ಸೈಟು ಇಲಾಖೆಯ ಕಣ್ಣಿಗೆ ಬಿತ್ತು. ಸುದ್ದಿ ತಿಳಿದ ಮರುದಿನವೇ ತಾತ ಟೇಪು ತೆಗೆದುಕೊಂಡು ಶೆಡ್ಡುಗಳಿಂದ ಸೈಟಿನ ತನಕ ಅಳೆದರು. ಕಿಲೋಮೀಟರು ದಾಟಿದರೆ ಗೆದ್ದೆವು ಎಂಬ ಲೆಕ್ಕ. ಅಳೆದು ಬಂದವರು ಆ ಸಂಖ್ಯೆಯ ವಿಷಯ ಬಾಯಿ ಬಿಡಲಿಲ್ಲ.

ಭಾನುವಾರ ಸೈಟಿನಲ್ಲೇ ಸಭೆ ಸೇರಿತು. ಪಾರ್ಥೇನಿಯಂ ಗಿಡ, ಯಾರದೋ ಮನೆ ಕೆಡವಿದ ಇಟ್ಟಿಗೆ ರಾಶಿ, ಮೂಲೆಯಲ್ಲಿ ಹೊದಿಕೆ ಹೊದ್ದ ಹಳೇ ಮಾರುತಿ ಕಾರು, ಕಾರಿನ ಕೆಳಗೆ ನಾಯಿ ಸಂಸಾರ. ಕಾರು ಯಾರದೆಂದು ಎಲ್ಲರಿಗೂ ಗೊತ್ತಿದ್ದರಿಂದ ಯಾರೂ ಕೇಳಲಿಲ್ಲ.

‘ನಾನು ಶಾಲೆಯ ವಿರೋಧಿ ಅಲ್ಲ’ ಎಂದು ತಾತ ಶುರುಮಾಡಿದರು. ‘ನಾನೂ ಸರ್ಕಾರಿ ಶಾಲೇಲೇ ಓದಿದವನು. ಮರದ ಕೆಳಗೆ ಕೂತು ಓದಿದೀನಿ.’

‘ಮರ ಇಲ್ಲೂ ಇದೆಯಲ್ಲ ಸಾರ್, ನಾಳೆಯಿಂದಲೇ ಶುರು ಮಾಡಬಹುದು’ ಎಂದರು ಮೂರನೇ ಕ್ರಾಸಿನ ನಿವೃತ್ತ ಹೆಡ್‌ಮಿಸ್. ಅವರ ದನಿ ಮೆತ್ತಗೆ. ಕಡೇ ಬೆಂಚಿಗೂ ಕೇಳಿಸುವಂಥ ಮೆತ್ತಗೆ.

ತಾತ ಅದನ್ನು ಕೇಳಿಸಿಕೊಳ್ಳದೆ ಟ್ರಾಫಿಕ್ಕಿಗೆ ಬಂದರು. ಬೆಳಗ್ಗೆ ಕಾರುಗಳ ಸಾಲು, ಹಾರನ್ನು, ನಮ್ಮ ಗೇಟಿಗೆ ಅಡ್ಡ ಪಾರ್ಕಿಂಗು. ಇದು ಸರ್ಕಾರಿ ಶಾಲೆ ಸಾರ್, ಮಕ್ಕಳು ನಡಕೊಂಡು ಬರ್ತಾರೆ ಎಂದು ಯಾರೋ ಹೇಳಿದರು. ‘ನಡಕೊಂಡಾ!’ ತಾತ ಎದೆಯ ಮೇಲೆ ಕೈಯಿಟ್ಟರು. ‘ಈ ಟ್ರಾಫಿಕ್ಕಲ್ಲಿ ಪುಟ್ಟ ಮಕ್ಕಳನ್ನ ನಡೆಸ್ತೀರಾ? ಏನಾದ್ರೂ ಹೆಚ್ಚುಕಡಿಮೆ ಆದ್ರೆ ಯಾರ್ರೀ ಜವಾಬ್ದಾರಿ?’

ಆಮೇಲೆ ರಾಜಕಾಲುವೆ. ಸೈಟಿನ ಹಿಂದೆ ಹರಿಯುವುದು ಎರಡನೇ ದರ್ಜೆಯ ಕಾಲುವೆ. ಅದರಿಂದ 35 ಮೀಟರು ಬಿಟ್ಟೇ ಕಟ್ಟಬೇಕೆಂದು 2016ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿದೆ ಎಂದು ಫೈಲಿನಿಂದ ಕಾಗದ ತೆಗೆದರು. ಹೆಡ್‌ಮಿಸ್ ಮತ್ತೆ ಮೆತ್ತಗೆ, ‘ಕಾಲುವೆ ಆಚೆ ದಡದಲ್ಲಿ ತಮ್ಮ ಮನೆ ಎಷ್ಟು ದೂರ ಸಾರ್?’ ಎಂದರು. 28 ಮೀಟರು. ತಾತ ತಬ್ಬಿಬ್ಬಾಗಲಿಲ್ಲ. ಆ ಆದೇಶವನ್ನು 2019ರಲ್ಲಿ ಸುಪ್ರೀಂ ಕೋರ್ಟ್ ರದ್ದುಮಾಡಿದ್ದರಿಂದ ಹಳೇ ಮಹಾ ಯೋಜನೆಯ 25 ಮೀಟರೇ ಊರ್ಜಿತವೆಂದು ಅದೇ ಫೈಲಿನ ಇನ್ನೊಂದು ಕಾಗದ ತೆಗೆದು ವಿವರಿಸಿದರು. ಶಾಲೆಗೆ 2016, ಮನೆಗೆ 2019. ಎರಡೂ ಕಾಗದಗಳಿಗೆ ಬೇರೆ ಬೇರೆ ಬಣ್ಣದ ಫ್ಲ್ಯಾಗು ಅಂಟಿಸಿದ್ದರು.

ಹಸಿರು, ಹಾವು, ನೀರಿನ ಒತ್ತಡ ಎಲ್ಲ ಮುಗಿದು ಗದ್ದಲಕ್ಕೆ ಬಂದಾಗ ಸಭೆ ಹಳಿ ತಪ್ಪಿತು. ಊಟದ ಬಿಡುವಿನಲ್ಲಿ ಮಕ್ಕಳು ಕಿರುಚುತ್ತಾರೆ, ಬಿಪಿ ಇರುವವರ ಗತಿಯೇನು ಎಂದು ತಾತ ಕೇಳುವಷ್ಟರಲ್ಲಿ ಗಣೇಶೋತ್ಸವದ ಹುಡುಗರು ಎದ್ದು ನಿಂತರು. ಪ್ರತಿವರ್ಷ ಇದೇ ಸೈಟಿನಲ್ಲಿ ಪೆಂಡಾಲು, ಆರ್ಕೆಸ್ಟ್ರಾ. ಶಾಲೆ ಬಂದರೆ ಸುತ್ತ 100 ಮೀಟರು ನಿಶ್ಶಬ್ದ ವಲಯ ಮಾಡಿಬಿಡುತ್ತಾರಂತೆ, ಆರ್ಕೆಸ್ಟ್ರಾ ಎಲ್ಲಿ ಮಾಡೋದು? ಶಾಲೆ ಬಂದರೆ ಗದ್ದಲವಾಗುತ್ತದೆ ಎಂಬ ತಾತ, ಶಾಲೆ ಬಂದರೆ ಗದ್ದಲ ನಿಲ್ಲುತ್ತದೆ ಎಂಬ ಹುಡುಗರು ಒಂದೇ ಅರ್ಜಿಗೆ ಸಹಿ ಹಾಕಿದರು.

ಇನ್ನೇನು ಮುಗಿಯಿತು ಅನ್ನುವಾಗ ಹೆಡ್‌ಮಿಸ್, ಮೇನ್ ರೋಡಿನ ಮೂಲೆಯ ಅಂಗಡಿಗೆ ಬಾರ್ ಲೈಸೆನ್ಸಿಗೆ ಓಡಾಟ ನಡೆದಿರುವ ವಿಷಯ ತೆಗೆದರು. ಶಾಲೆಯಿಂದ 100 ಮೀಟರಿನೊಳಗೆ ಬಾರ್ ತೆರೆಯುವಂತಿಲ್ಲ. ಹೆಂಗಸರ ಸಾಲು ಒಮ್ಮೆಲೇ ಶಾಲೆಯ ಕಡೆ ವಾಲಿತು. ತಾತನ ಶ್ರೀಮತಿಯವರೂ ಆ ಸಾಲಿನಲ್ಲೇ ಇದ್ದರು. ತಾತ ಕ್ಷಣ ಯೋಚಿಸಿ, ‘ಹಾಗಾದ್ರೆ ಶಾಲೆಗೆ ಕಾಯ್ದಿರಿಸಿದೆ ಅಂತ ಒಂದು ಬೋರ್ಡ್ ಹಾಕೋಣ. ಬೋರ್ಡ್ ಇರಲಿ, ಶಾಲೆ ನಿಧಾನವಾಗಿ ನೋಡೋಣ’ ಎಂದರು. ಬೋರ್ಡಿಗೆ ಹೆದರಿ ಓಡುವ ಬಾರನ್ನು ನಾನಂತೂ ಈ ಊರಲ್ಲಿ ಕಂಡಿಲ್ಲ.

ಮುಂದಿನ ವಾರ ಬಿಇಒ ಕಚೇರಿಯಿಂದ ಶಿಕ್ಷಣ ಸಂಯೋಜಕರು ಸ್ಥಳ ನೋಡಲು ಬಂದರು. ತೆಳ್ಳಗಿನ, ಸುಸ್ತಾದ ಯುವಕ. ತಾತನ ಭಾಷಣವನ್ನು ನಿಂತೇ ಕೇಳಿದರು. ‘ಹಾಗಾದ್ರೆ ಎಲ್ಲಿ ಕಟ್ಟೋಣ ಸಾರ್?’

ತಾತ ಇದಕ್ಕೇ ಕಾಯುತ್ತಿದ್ದವರು. ನಕ್ಷೆ ಬಿಡಿಸಿ ಪಕ್ಕದ ಬಡಾವಣೆಯ ಸಿಎ ಸೈಟಿನ ಮೇಲೆ ಬೆರಳಿಟ್ಟರು. ‘ಇದಕ್ಕಿಂತ ಸೂಕ್ತ ಜಾಗ ಇಲ್ಲ. ಅಲ್ಲಿನ ಅಧ್ಯಕ್ಷರು ನನ್ನ ಸ್ನೇಹಿತರು. ಸಜ್ಜನರು.’

ಯುವಕ ತಮ್ಮ ಚೀಲದಿಂದ ಒಂದು ಅರ್ಜಿ ತೆಗೆದರು. ಸಜ್ಜನರದೇ. ಶಾಲೆಗೆ ನಮ್ಮ ಬಡಾವಣೆಯ ಸೈಟಿಗಿಂತ ಸೂಕ್ತವಾದದ್ದು ಬೇರೆ ಇಲ್ಲ, ಪ್ರಶಾಂತ ವಾತಾವರಣ, ಟ್ರಾಫಿಕ್ ಇಲ್ಲ, ಗಾಳಿ ಬೆಳಕು ಯಥೇಚ್ಛ, ಮಕ್ಕಳಿರುವ ಶೆಡ್ಡುಗಳಿಂದ ಸುಮಾರು ಒಂದು ಕಿಲೋಮೀಟರು ಮಾತ್ರ ಎಂದು ಬರೆದಿತ್ತು. ತಾತ ಕನ್ನಡಕ ಏರಿಸಿ ಓದಿದರು. ಸ್ನೇಹಿತನ ದ್ರೋಹಕ್ಕೆ ಸಿಡಿಯುತ್ತಾರೆಂದು ನಾವೆಲ್ಲ ಒಂದು ಹೆಜ್ಜೆ ಹಿಂದೆ ಸರಿದೆವು. ಅವರು ಸಿಡಿದದ್ದು ಕೊನೆಯ ಸಾಲಿಗೆ.

‘ಸುಮಾರು! ಸುಮಾರು ಅಂದ್ರೇನ್ರೀ? ಇವನೂ ಒಬ್ಬ ಇಂಜಿನಿಯರಾ? 740 ಮೀಟರ್! ನಾನೇ ಟೇಪ್ ಹಿಡಿದು ಅಳೆದಿದೀನಿ, ತಿರುವು ಎಲ್ಲಾ ಸೇರಿ!’

‘740. ಒಂದು ಕಿಲೋಮೀಟರಿನ ಒಳಗೇ ಆಯ್ತಲ್ಲ ಸಾರ್’ ಎಂದು ಯುವಕ ಬರೆದುಕೊಂಡರು. ‘ನಮಗೆ ಬೇಕಾಗಿದ್ದೇ ಈ ಅಳತೆ, ಕೊಡೋರೇ ಸಿಕ್ಕಿರಲಿಲ್ಲ. ತಾಂತ್ರಿಕವಾಗಿ ತಿಳಿದವರು ದೃಢೀಕರಿಸಿದ್ರೆ ಒಳ್ಳೇದು.’

ತಾತ ಹಾಳೆ ಎಳೆದುಕೊಂಡರು. ‘ಸುಮಾರು ಒಂದು ಕಿಲೋಮೀಟರು’ ಎಂಬುದನ್ನು ಹೊಡೆದುಹಾಕಿ ಪಕ್ಕದಲ್ಲಿ 740 ಎಂದು ಬರೆದು, ಕೆಳಗೆ ಹಸಿರು ಇಂಕಿನಲ್ಲಿ ಸಹಿ, ದಿನಾಂಕ, ಹುದ್ದೆ ಮೂರನ್ನೂ ಹಾಕಿದರು. ಹುದ್ದೆಯ ಮುಂದೆ ‘ನಿವೃತ್ತ’ ಎಂಬುದನ್ನು ತುಸು ಸಣ್ಣಕ್ಷರದಲ್ಲಿ ಬರೆದರು.