ಪಿಕ್ಕು ಪಂಡಿತ

ಮೀಟುವುದು ಹೇಗೆಂದು ತೀರ್ಮಾನವಾಗುವ ತನಕ ಮೀಟಕೂಡದು ಎನ್ನುವುದು ಪಿಕ್ಕು ಪಂಡಿತನ ಸಿದ್ಧಾಂತ. ವಯಸ್ಸು ಮೂವತ್ತರ ಆಚೀಚೆ, ಬೆಂಗಳೂರಿನ ಯಾವುದೋ ಟೆಕ್ ಪಾರ್ಕಿನಲ್ಲಿ ಕೆಲಸ, ಬಾಡಿಗೆ ಮನೆಯ ಹಾಲಿನಲ್ಲಿ ಸ್ಟ್ಯಾಂಡಿಗೆ ಒರಗಿದ ಅಕೌಸ್ಟಿಕ್ ಗಿಟಾರ್. ಇವನನ್ನು ನೀವು ಖಂಡಿತ ನೋಡಿದ್ದೀರಿ. ಕೇಳಿರುವ ಸಾಧ್ಯತೆ ಮಾತ್ರ ಕಡಿಮೆ.

ಗಿಟಾರಿನ ಹಿಂದೆಯೇ ಪಿಕ್ಕುಗಳ, ಅಂದರೆ ತಂತಿ ಮೀಟುವ ಪುಟ್ಟ ಬಿಲ್ಲೆಗಳ, ಡಬ್ಬಿ ಬಂತು. 0.46 ಮಿಲಿಮೀಟರಿನದು ಬಳುಕುತ್ತದೆ, ಕಾರ್ಡ್ ಬಾರಿಸಲು ಚೆಂದ. 1.14ರದ್ದು ಬಗ್ಗುವ ಜಾಯಮಾನದ್ದಲ್ಲ, ಒಂಟಿ ಸ್ವರಗಳಿಗೆ ಸರಿ. ಯಾವುದು ಎಷ್ಟು ದಪ್ಪವೆಂದು ಕಣ್ಣುಮುಚ್ಚಿ ಮುಟ್ಟಿಯೇ ಹೇಳಬಲ್ಲ. ‘ತಂತಿಗೆ ಮುಟ್ಟಿಸಿ ಹೇಳಪ್ಪ’ ಎಂದರೆ, ‘ಅದಕ್ಕೆ ಮೊದ್ಲು ಟೆಕ್ನಿಕ್ ಫೈನಲ್ ಆಗ್ಬೇಕು’ ಎನ್ನುತ್ತಾನೆ.

ಟೆಕ್ನಿಕ್ಕಿನ ಮಾತೆತ್ತಿದಿರೋ, ನಿಮ್ಮ ಕಾಫಿ ಆರಿತೆಂದೇ ಲೆಕ್ಕ. ಆಲ್ಟರ್ನೇಟ್ ಪಿಕಿಂಗ್ ಅಂದರೆ ಕೆಳಗೊಂದು ಮೇಲೊಂದು, ತಪ್ಪದೆ. ಎಕಾನಮಿಯಲ್ಲಿ ತಂತಿ ಬದಲಿಸುವಾಗ ಕೈ ಹೋಗುತ್ತಿದ್ದ ದಿಕ್ಕಿನಲ್ಲೇ ಮುಂದಿನ ತಂತಿಗೂ ಸರಿಯುತ್ತದೆ. ಒಂದು ಓಡಾಟ ಉಳಿತಾಯ. ಹೈಬ್ರಿಡ್ಡಿನಲ್ಲಿ ಹೆಬ್ಬೆರಳು, ತೋರುಬೆರಳು ಪಿಕ್ ಹಿಡಿದಿದ್ದರೆ ಮಿಕ್ಕವು ತಾವೂ ಮೀಟುತ್ತವೆ. ಅಲ್ ಡಿ ಮಿಯೋಲಾ ಮೊದಲನೆಯದರಲ್ಲಿ ಹೆಸರು ಮಾಡಿದರು, ಫ್ರ್ಯಾಂಕ್ ಗಂಬಾಲಿ ಎರಡನೆಯದರಲ್ಲಿ. ಇಬ್ಬರೂ ಸರಿ ಎಂಬುದೇ ಪಂಡಿತನ ಸಂಕಟ. ‘ತಪ್ಪು ಅಭ್ಯಾಸ ಕೈಗೆ ಕೂತ್ರೆ ಆಮೇಲೆ ಬಿಡಿಸೋದು ಕಷ್ಟ ಸಾರ್.’ ಮಾತು ನಿಜವೇ. ಅದಕ್ಕೇ ಅವನು ಯಾವ ಅಭ್ಯಾಸವನ್ನೂ ಕೂರಲು ಬಿಟ್ಟಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವನು ಹಾಗೆ ನೆವ ಹೇಳುವವನಲ್ಲ, ನೆಲ ಸಮ ಮಾಡಿಸುತ್ತಿದ್ದಾನೆ.

ನಡುವೆ ಪಿಕ್ಕೇ ಬೇಡವೆಂಬ ವೈರಾಗ್ಯವೂ ಬಂದಿತ್ತು. ಮಾರ್ಕ್ ನಾಫ್ಲರ್ ಬರಿಬೆರಳಲ್ಲಿ ನುಡಿಸುವುದಿಲ್ಲವೇ? ವೆಸ್ ಮಾಂಟ್‌ಗೊಮರಿ ಹೆಬ್ಬೆರಳೊಂದರಲ್ಲೇ ಜಾಝ್ ಗೆದ್ದವರು. ರಾತ್ರಿ ಅಕ್ಕಪಕ್ಕದವರ ನಿದ್ದೆ ಕೆಡದಿರಲೆಂದು ಪಿಕ್ ಬಿಟ್ಟರಂತೆ. ಪಂಡಿತನ ಅಕ್ಕಪಕ್ಕದವರಿಗೆ ಆ ಮನೆಯಲ್ಲಿ ಗಿಟಾರ್ ಇರುವುದೇ ತಿಳಿಯದು. ಆಮೇಲೆ ಶಾಸ್ತ್ರೀಯ ಸ್ಪ್ಯಾನಿಷ್ ಪದ್ಧತಿಯೆಂದು ಬಲಗೈ ಉಗುರು ಬೆಳೆಸಿದ. ಹುಳಿಯನ್ನ ಕಲಸಿ ಕಲಸಿ ಉಗುರೆಲ್ಲ ಅರಿಶಿನವಾಯಿತು. ಆಫೀಸಿನಲ್ಲಿ ‘ಏನಾದ್ರೂ ಹರಕೆನಾ?’ ಎಂದು ಕೇಳಿದರು. ಕೀಬೋರ್ಡ್ ಬಡಿಯುವಾಗ ತೋರುಬೆರಳಿನ ಉಗುರು ಮುರಿಯಿತು. ಪದ್ಧತಿಯೂ ಮುರಿಯಿತು.

ಊರಿನಿಂದ ಬಂದ ತಾಯಿಗೆ ಒಂದು ಸಂಜೆ ಪೂರ್ತಿ ಪಾಠವಾಯಿತು. ಕ್ವೀನ್ ತಂಡದ ಬ್ರಯಾನ್ ಮೇ ಆರು ಪೆನ್ಸಿನ ನಾಣ್ಯದಲ್ಲಿ ಮೀಟುವುದು, ಸರೋದಿನವರು ತೆಂಗಿನ ಕರಟದ ಜವಾ ಹಿಡಿಯುವುದು, ಎಲ್ಲ.

‘ಕರಟ ಹಿತ್ಲಲ್ಲಿ ಬೇಕಾದಷ್ಟು ಬಿದ್ದಿದೆ ಕಣೋ, ಹೇಳಿದ್ರೆ ತರ್ತಿದ್ದೆ. ಈಗ ಒಂದು ಹಾಡು ಬಾರ್ಸು.’

‘ಅಮ್ಮಾ, ಕರಟದಲ್ಲೂ ದಪ್ಪ, ತೆಳು ಅಂತ ಇರತ್ತೆ.’

ಮೊನ್ನೆ ಬಡಾವಣೆಯ ಗಣೇಶನಿಗೆ ಆರ್ಕೆಸ್ಟ್ರಾ ಇತ್ತು. ಎರಡನೇ ಹಾಡಿಗೇ ಗಿಟಾರಿನವನ ಪಿಕ್ ಜಾರಿ ವೇದಿಕೆಯ ಹಲಗೆಗಳ ಸಂದಿಯಲ್ಲಿ ಮಾಯವಾಯಿತು. ಆತ ಜೇಬಿನಿಂದ ಹಳೆಯ ಎಟಿಎಂ ಕಾರ್ಡಿನ ಕತ್ತರಿಸಿದ ತುಂಡು ತೆಗೆದು, ಜನರಿಗೆ ಗೊತ್ತೇ ಆಗದಂತೆ ಕೊನೆಯವರೆಗೂ ನುಡಿಸಿದ. ಪಂಡಿತನಿಗೆ ಮಾತ್ರ ಗೊತ್ತಾಯಿತು. ಮಂಗಳಾರತಿಗೂ ನಿಲ್ಲದೆ ವೇದಿಕೆಯ ಹಿಂದೆ ಓಡಿ ಹಿಡಿದ.

‘ಸಾರ್, ನಿಮ್ದು ಆಲ್ಟರ್ನೇಟಾ, ಎಕಾನಮಿನಾ?’

ಆತ ವೈರು ಸುತ್ತುತ್ತಲೇ ಹೇಳಿದ: ‘ಹತ್ತು ಗಂಟೆಗೆ ಪೊಲೀಸ್ನೋರು ಮೈಕ್ ಆಫ್ ಮಾಡಿಸ್ತಾರೆ. ಅಷ್ಟರೊಳಗೆ ಮುಗ್ಸೋ ಟೆಕ್ನಿಕ್ ಸಾರ್ ನಮ್ದು.’

ಪಂಡಿತನ ಕಣ್ಣು ಆಗಲೇ ಆ ತುಂಡಿನ ಮೇಲಿತ್ತು. ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದ. ‘ಕಾರ್ಡ್ ಅಂದ್ಮೇಲೆ 0.76 ಮಿಲಿಮೀಟರ್, ಅದು ಗೊತ್ತು. ನೀವು ಚಿಪ್ ಇರೋ ಕಡೆ ಕತ್ತರಿಸಿದ್ರಾ, ಇಲ್ದೇ ಇರೋ ಕಡೆನಾ?’