ಕಾಲಿದ್ದವರಿಗೊಂದೂರು, ಬೆನ್ನಿದ್ದವರಿಗೊಂದೂರು

‘ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು’ ಎಂಬ ಮಾತನ್ನು ಮೊದಲು ಆಡಿದ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಪ್ರವಾಸದ ಕೈಪಿಡಿ ಬರೆಯುವವರೆಲ್ಲ ದಿನಾ ಬೆಳಗ್ಗೆ ಎದ್ದು ಅವನಿಗೆ ಕೈ ಮುಗಿಯಬೇಕು. ನಕ್ಷೆ ಇಲ್ಲ, ದರಪಟ್ಟಿ ಇಲ್ಲ, ಐದಕ್ಕೆ ನಾಲ್ಕೂವರೆ ನಕ್ಷತ್ರವೆಂಬ ಜಿಪುಣತನವಿಲ್ಲ. ಬಂದವನ ಮೈಯಲ್ಲಿ ಯಾವ ಅಂಗ ಗಟ್ಟಿ ಇದೆ ನೋಡು, ಅದಕ್ಕೆ ತಕ್ಕ ಊರು ಹೇಳು, ಇಷ್ಟೇ ಶಾಸ್ತ್ರ. ಹಂಪಿ ಹತ್ತೂ ದಿಕ್ಕಿಗೆ ಹರಡಿಕೊಂಡ ಊರು, ಅಲ್ಲಿ ಕಾಲು ಸವೆಯಬೇಕು. ಕನಕಗಿರಿಯಲ್ಲಿ ಕನಕಾಚಲಪತಿಯ ಗುಡಿಯೊಳಗೆ ಹೊಕ್ಕರೆ ಸಾಕು, ಕಾಲು ನಿಂತಲ್ಲೇ ನಿಲ್ಲುತ್ತದೆ, ಕಂಬದಿಂದ ಕಂಬಕ್ಕೆ ನಡೆಯುವ ಕೆಲಸ ಕಣ್ಣಿನದು.

ನಾನು ನಮ್ಮ ಓಣಿಯ ಪ್ರವಾಸ ಸಲಹೆಗಾರ. ಯಾರೂ ನೇಮಿಸಿದ್ದಲ್ಲ, ಸಂಬಳವೂ ಇಲ್ಲ. ಮನೆಗೆ ಮ್ಯಾಗಜಿನ್ ತರಿಸುತ್ತೇನೆ, ಸಂಜೆ ಕಟ್ಟೆಯ ಮೇಲೆ ಕೂತಿರುತ್ತೇನೆ, ಕೇಳಿದವರಿಗೆ ‘ಗೊತ್ತಿಲ್ಲ’ ಅನ್ನುವ ರೂಢಿ ಇಲ್ಲ. ಕೊಪ್ಪಳದಲ್ಲಿ ಸಲಹೆಗಾರನಾಗಲು ಇಷ್ಟು ಅರ್ಹತೆ ಧಾರಾಳವಾಯಿತು. ಸ್ವಿಟ್ಜರ್ಲೆಂಡನ್ನಾಗಲಿ ಸ್ವೀಡನ್ನನ್ನಾಗಲಿ ನಾನು ಕಂಡವನಲ್ಲ. ಕಾಣದ ಊರನ್ನು ಶಿಫಾರಸು ಮಾಡುವುದರಲ್ಲಿ ಒಂದು ದೊಡ್ಡ ಅನುಕೂಲವಿದೆ: ಅಲ್ಲಿನ ಸೊಳ್ಳೆ ಕಚ್ಚಿದ ನೆನಪು ನಡುವೆ ಬಾಯಿ ಹಾಕುವುದಿಲ್ಲ.

ಹೋದ ಬೇಸಿಗೆಯಲ್ಲಿ ಕುಷ್ಟಗಿಯ ಬೀಗರು ಜೋಡಿಯಾಗಿ ಬಂದರು. ಬೆಂಗಳೂರಿನಲ್ಲಿರುವ ಮಗ ‘ಅಪ್ಪಾ ಅವ್ವಾ ಎಲ್ಲ್ಯರ ಹೋಗಿ ಬರ್ರಿ’ ಎಂದು ದುಡ್ಡು ಕಳಿಸಿದ್ದನಂತೆ.

“ನೆನಪಿನಾಗ ಉಳಿಯೂ ಅಂಥಾ ಜಾಗಾ ಹೇಳ್ರಿ,” ಅಂದರು ಬೀಗರು. “ಹೋಟ್ಲ ಸಣ್ಣದಿದ್ರೂ ಅಡ್ಡಿಲ್ಲ, ಬ್ಯಾರೇ ಥರಾ ಇರಬೇಕು. ಬುಟಿಕ್ ಹೋಟ್ಲ ಅಂತಾವಂತಲ್ಲ, ಅಂಥಾದ್ದು.”

ನಾನು ಗಂಟಲು ಸರಿಮಾಡಿಕೊಂಡೆ. 1984ರಲ್ಲಿ ನ್ಯೂಯಾರ್ಕಿನಲ್ಲಿ ಇಯಾನ್ ಶ್ರೇಗರ್ ಮತ್ತು ಸ್ಟೀವ್ ರೂಬೆಲ್ ಎಂಬ ಇಬ್ಬರು ಗೆಳೆಯರು ಮಾರ್ಗನ್ಸ್ ಎಂಬ ಹೋಟೆಲು ತೆಗೆದದ್ದು, ಬುಟಿಕ್ ಎಂಬ ಹೆಸರು ಹೋಟೆಲಿಗೆ ಅಂಟಿದ್ದು ಅಲ್ಲಿಂದ ಎಂಬುದು, ಒಂದರಂತೆ ಇನ್ನೊಂದಿರದ ಚಿಕ್ಕ ಹೋಟೆಲುಗಳು ಆಮೇಲೆ ಲೋಕದ ತುಂಬ ಎದ್ದದ್ದು, ಎಲ್ಲ ವಿವರಿಸಿದೆ. ಬೀಗರು ತಲೆದೂಗಿದರು. ಬೀಗತಿಯವರು ನಮ್ಮ ಮನೆಯ ಕಿಟಕಿಗೆ ಪರದೆ ಯಾಕಿಲ್ಲ ಎಂದು ನೋಡುತ್ತಿದ್ದರು.

ಮೊದಲು ಬೆನ್ನಿನಿಂದ ಶುರುಮಾಡಿದೆ. “ಸ್ವಿಟ್ಜರ್ಲೆಂಡಿನಾಗ ರಿಕ್ಲಿನ್ ಅಂತ ಅಣ್ಣತಮ್ಮಂದಿರು, ಕಲಾವಿದರು. 2016ರಾಗ ಒಂದು ಹೋಟ್ಲ ಮಾಡಿದ್ರು. ಆಲ್ಪ್ಸ್ ಗುಡ್ಡದಾಗ ಒಂದು ಮಂಚ, ಮ್ಯಾಲ ಹಾಸಿಗಿ, ಬಾಜೂಕ ದೀಪ. ಗ್ವಾಡಿ ಇಲ್ಲ, ಸೂರಿಲ್ಲ. ಪಕ್ಕದ ಹೊಲದ ರೈತನs ಬಿಳೇ ಕೈಗವಸು ಹಾಕ್ಕೊಂಡು ಮುಂಜಾನಿ ಕಾಫಿ ತಂದು ಕೊಡ್ತಿದ್ದ.”

“ರೊಕ್ಕಾ?”

“ಅಗದಿ ಭಾಳ.”

ಬೀಗರು ಹೆಂಡತಿಯ ಮುಖ ನೋಡಿದರು. ಹುಟ್ಟಿದಾಗಿನಿಂದ ಕುಷ್ಟಗಿಯ ಮಾಳಿಗೆಯ ಮೇಲೆ ಬೇಸಿಗೆ ಕಳೆದ ಜೋಡಿ ಅದು. ಏಪ್ರಿಲ್‌ ಬಂತೆಂದರೆ ಎರೆಭೂಮಿಯ ಕಾವು ಗೋಡೆಯೊಳಗೆ ಕೂತುಬಿಡುತ್ತದೆ, ಇಡೀ ಓಣಿ ಚಾಪೆ ಹೊತ್ತು ಮಾಳಿಗೆ ಏರುತ್ತದೆ. ಮಾಳಿಗೆಯಿಂದ ಮಾಳಿಗೆಗೆ ಮಾತು ಸಾಗುತ್ತದೆ, ನಡುರಾತ್ರಿ ಯಾರೋ ಕೆಮ್ಮಿದರೆ ನಾಲ್ಕು ಮನೆಯಿಂದ ಔಷಧ ಹೇಳುತ್ತಾರೆ. “ಅಲ್ರೀ ಬೀಗರs,” ಅಂದರು ಬೀಗತಿ, “ಮ್ಯಾಲ ಹೋಗಿ ಮಲಗಿದ್ದಕ್ಕ ರೊಕ್ಕಾ ಕೊಡೂದಾದ್ರ ನಮ್ಮತ್ತಿ ಬದುಕಿಡೀ ಎಷ್ಟು ಸಾಲಾ ಮಾಡಿದಂಗಾತು?”

ಬೆನ್ನನ್ನು ಬಿಟ್ಟು ಚರ್ಮಕ್ಕೆ ಬಂದೆ. ಸ್ವೀಡನ್ನಿನ ಯುಕ್ಕಸ್‌ಯಾರ್ವಿ ಎಂಬ ಹಳ್ಳಿಯಲ್ಲಿ ಟೊರ್ನೆ ನದಿಯ ಹಿಮಗಡ್ಡೆ ಕೊಯ್ದು ಚಳಿಗಾಲಕ್ಕೊಂದು ಹೋಟೆಲು ಕಟ್ಟುತ್ತಾರೆ. ಗೋಡೆ, ಮಂಚ ಎಲ್ಲವೂ ಮಂಜು. ಬೇಸಿಗೆ ಬಂದರೆ ಕರಗಿ ಮತ್ತೆ ನದಿ ಸೇರುತ್ತದೆ. ಇದನ್ನು ಕೇಳಿ ಬೀಗರ ಕಣ್ಣು ಅರಳಿತು, ಆ ಹೊತ್ತಿಗೆ ಹೊರಗೆ ನಲವತ್ತರ ಬಿಸಿಲಿತ್ತು. ಬೀಗತಿಯವರ ಪ್ರಶ್ನೆ ಬೇರೆ: “ಬಚ್ಚಲಕ್ಕ ನೀರ ಕಾಸೂದೆಂಗ?”

ಹಳೆಯದು ಬೇಕೆನ್ನುವವರಿಗೆ ಜಪಾನಿನ ನಿಶಿಯಾಮ ಒನ್ಸೆನ್ ಕೆಯುಂಕನ್ ಇದೆ, ಕ್ರಿ.ಶ. 705ರಿಂದ ನಡೆಯುತ್ತಿರುವ ಬಿಸಿನೀರಿನ ಬುಗ್ಗೆಯ ವಸತಿ, ಲೋಕದಲ್ಲೇ ಹಳೆಯ ಹೋಟೆಲೆಂದು ಗಿನ್ನೆಸ್ ದಾಖಲೆ. ನಮ್ಮಲ್ಲಿ ಬಾದಾಮಿಯ ಚಾಲುಕ್ಯ ವಿಜಯಾದಿತ್ಯ ಆಳುತ್ತಿದ್ದ ಕಾಲಕ್ಕೆ ಅವರು ಮೊದಲ ಗಿರಾಕಿಗೆ ನೀರು ಕಾಸಿಕೊಡುವ ಗೋಜಿಲ್ಲದೆ ಕೋಣೆ ಕೊಟ್ಟಿದ್ದರು ಅಂದೆ. ಬೀಗತಿಯವರು ಮೊದಲ ಸಲ ಮೆಚ್ಚಿ ನೋಡಿದರು.

ಆದರೆ ಬೀಗರ ಮೊಣಕಾಲು, ಬೀಗತಿಯವರ ಹೊಟ್ಟೆ, ಇಬ್ಬರ ಪಾಸ್‌ಪೋರ್ಟು ಮೂರೂ ಜಪಾನಿಗೆ ಒಪ್ಪುವಂತಿರಲಿಲ್ಲ. ಮೂರನೆಯದಂತೂ ಹುಟ್ಟಿಯೇ ಇರಲಿಲ್ಲ. ಆದ್ದರಿಂದ ಲೋಕವನ್ನು ಮಡಿಚಿಟ್ಟು ಜಿಲ್ಲೆಯನ್ನು ಬಿಚ್ಚಿದೆ. ಹಳೇ ಗಾದೆ ಎರಡೇ ಅಂಗಕ್ಕೆ ನಿಂತುಬಿಟ್ಟಿದೆ, ಉಳಿದ ಮೈಗೆ ನಾನೇ ಊರು ಹಂಚಿದ್ದೇನೆ.

ಮೊಣಕಾಲಿದ್ದವರು ಅಂಜನಾದ್ರಿ. ಗಂಗಾವತಿ ತಾಲ್ಲೂಕಿನ ಆನೆಗುಂದಿಯ ಹತ್ತಿರ 575 ಮೆಟ್ಟಿಲು. ಹನುಮ ಹುಟ್ಟಿದ ಬೆಟ್ಟವೆಂದು ಜನ ನಂಬುತ್ತಾರೆ. ಅಲ್ಲಿಂದ ಆಕಾಶಕ್ಕೆ ಹಾರಿದ ಎನ್ನುವುದನ್ನು ನಾನೂ ನಂಬುತ್ತೇನೆ, ಯಾಕೆಂದರೆ ಅಷ್ಟು ಮೆಟ್ಟಿಲು ಇಳಿಯುವುದಕ್ಕಿಂತ ಹಾರುವುದು ಸುಲಭ.

ಕುತ್ತಿಗೆ ಇದ್ದವರು ಇಟಗಿ. ಯಲಬುರ್ಗಾ ಕಡೆಯ ಈ ಮಹಾದೇವ ದೇವಾಲಯವನ್ನು 1112ರಲ್ಲಿ ಕಟ್ಟಿಸಿದವನು ಆರನೆಯ ವಿಕ್ರಮಾದಿತ್ಯನ ದಂಡನಾಯಕ, ಅವನ ಹೆಸರೂ ಮಹಾದೇವ. ಶಾಸನವೇ ಇದನ್ನು ‘ದೇವಾಲಯ ಚಕ್ರವರ್ತಿ’ ಅಂದಿದೆ. ಬರೀ ಎದುರಿಗೆ ನೋಡುವವನಿಗೆ ಅರ್ಧ ಗುಡಿ ಮಾತ್ರ ಸಿಗುತ್ತದೆ. ಉಳಿದರ್ಧ ನೆತ್ತಿಯ ಮೇಲೆ, ಚಾವಣಿಯ ಭುವನೇಶ್ವರಿಯಲ್ಲಿದೆ. ಕತ್ತು ಹಿಡಿದುಕೊಂಡವರು ಹೋಗಬಾರದು, ಹೋದವರು ಕತ್ತು ಹಿಡಿಸಿಕೊಳ್ಳದೆ ಬರಬಾರದು.

ಕಿವಿ ಇದ್ದವರು ಹಿರೇಬೆಣಕಲ್. ಗಂಗಾವತಿಯಿಂದ ಸಮೀಪ, ಗುಡ್ಡದ ಮೇಲೆ ಕಲ್ಲು ಚಪ್ಪಡಿಗಳ ಪುಟ್ಟ ಪುಟ್ಟ ಮನೆಗಳು. ಸುಮಾರು 400 ಬೃಹತ್‌ಶಿಲಾ ಸಮಾಧಿ ರಚನೆಗಳು, ಎರಡು ಸಾವಿರ ವರ್ಷಕ್ಕೂ ಹಿಂದಿನವು. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿವೆ. ಊರವರು ಮೋರ್ಯರ ಗುಡ್ಡ ಅನ್ನುತ್ತಾರೆ. ಬಂಡೆಯ ತುದಿಗೊಂದು ನಗಾರಿ ಗುಂಡು ಕೂತಿದೆ, ಬಡಿದರೆ ನಗಾರಿಯಂತೆ ಮೊಳಗಿ ಸದ್ದು ದೂರ ಹೋಗುತ್ತದೆ. ಕೆಲವು ಚಪ್ಪಡಿಗೆ ದುಂಡನೆಯ ಕಿಂಡಿಯೂ ಇದೆ. ಒಂದೊಂದೂ ಬೇರೆ ಬೇರೆ, ಎಲ್ಲವೂ ಸಣ್ಣವು, ನೋಟ ಅದ್ಭುತ, ಗದ್ದಲವಿಲ್ಲ. ಬುಟಿಕ್ ಹೋಟೆಲಿನ ಲಕ್ಷಣಗಳೆಲ್ಲ ಕೂಡಿವೆ. ಒಂದೇ ತೊಡಕು, ಅಲ್ಲಿ ಇಳಿದುಕೊಂಡವರು ಕೋಣೆ ಖಾಲಿ ಮಾಡಿದ ಉದಾಹರಣೆ ಇಲ್ಲ.

ಕೈ ಇದ್ದವರು ಕಿನ್ನಾಳ. ಹಗುರ ಮರಕ್ಕೆ ಹುಣಸೆಬೀಜದ ಅಂಟು ಹಚ್ಚಿ ಚಿತ್ರಗಾರ ಮನೆತನದವರು ಬಣ್ಣದ ಗೊಂಬೆ ಮಾಡುತ್ತಾರೆ. ಹೊಟ್ಟೆ ಇದ್ದವರು ಕೊಪ್ಪಳದ ಗವಿಮಠ, ಅದೂ ಜನವರಿಯ ಜಾತ್ರೆಗೆ. ಊರೂರಿನಿಂದ ಜೋಳದ ರೊಟ್ಟಿ ಗಾಡಿಗಟ್ಟಲೆ ಬಂದು ಬೀಳುತ್ತದೆ, ಮಿರ್ಚಿ ಲಕ್ಷಗಟ್ಟಲೆ ಕರಿಯುತ್ತಾರೆ, ಬಂದ ಯಾರಿಗೂ ಬಿಲ್ಲು ಕೊಡುವುದಿಲ್ಲ.

ಆ ಗವಿಮಠದ ಬಂಡೆಯ ಮೇಲೂ ಪಕ್ಕದ ಪಾಲ್ಕಿಗುಂಡಿನ ಮೇಲೂ ಅಶೋಕನ ಶಾಸನಗಳಿವೆ. ನನ್ನಂಥ ಸಲಹೆಗಾರನಿಗೆ ಅವನ ಮೇಲೆ ವಿಶೇಷ ಮಮತೆ. ದೇಶದಲ್ಲಿ ಬೇರೆ ಬೇರೆ ಕಡೆ ಸಿಕ್ಕ ಈ ಶಾಸನದ ಹಲವು ಪ್ರತಿಗಳಲ್ಲಿ 256 ಎಂಬ ಅಂಕಿ ಇದೆ. ದೊರೆ ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕ ಅದು ಎನ್ನುತ್ತಾರೆ ವಿದ್ವಾಂಸರು. ಅಷ್ಟು ರಾತ್ರಿ ಊರೂರು ಮಲಗಿ ಎದ್ದವನು, ಕೊರೆಯಲು ಬೇಕಾದಷ್ಟು ಬಂಡೆ ಇದ್ದವನು, ಎಲ್ಲಿ ಹಾಸಿಗೆ ಚೆನ್ನಾಗಿತ್ತು, ಎಲ್ಲಿ ತಿಗಣೆ ಇತ್ತು ಎಂದು ಒಂದಕ್ಷರ ಕೊರೆಸಲಿಲ್ಲ. ಬರೀ ಧರ್ಮದ ಮಾತು. ಈಗಿನವರು ಒಂದು ರಾತ್ರಿ ಮಲಗಿ ಟವೆಲ್ಲಿನ ಬಗ್ಗೆ ನಾಲ್ಕು ಪ್ಯಾರಾ ಬರೆಯುತ್ತಾರೆ.

“ಎಲ್ಲಾ ಖರೆ,” ಅಂದರು ಬೀಗರು. “ಹೋಟ್ಲ ಯಾವುದು?”

ಆನೆಗುಂದಿ ಹೇಳಿದೆ. ಹೊಳೆಯ ಆಚೆ ಹಂಪಿ, ಈಚೆ ಇದು. ಕಿಷ್ಕಿಂದಾ ಟ್ರಸ್ಟಿನವರು ಬಾಳೆನಾರಿನ ಕೈಕಸುಬು ಬೆಳೆಸಿದ, ಹಳೆಯ ಮನೆಗಳನ್ನು ಕೆಡವದೆ ಉಳಿಸಿಕೊಂಡ ಊರು. ಉರಮ್ಮ ಕಾಟೇಜಿನಂಥ ಹಳ್ಳಿಮನೆ ರೂಪದ ವಸತಿಗಳಿವೆ. ಬೆಳಗ್ಗೆ ಬತ್ತದ ಗದ್ದೆ, ಸಂಜೆ ಸಾಣಾಪುರದ ಕೆರೆಯಲ್ಲಿ ಹರಿಗೋಲು, ರಾತ್ರಿ ಗುಂಡುಗಲ್ಲಿನ ಗುಡ್ಡದ ಮೇಲೆ ಚಂದ್ರ. ಮೊದಲು ಪರದೇಶದ ಹುಡುಗರು ವಿರೂಪಾಪುರ ಗಡ್ಡೆಯಲ್ಲಿ ತಿಂಗಳುಗಟ್ಟಲೆ ತೂಗುಮಂಚದಲ್ಲಿ ಒರಗಿರುತ್ತಿದ್ದರು. ಅಲ್ಲಿನ ಅಂಗಡಿ, ರೆಸಾರ್ಟುಗಳು ಪಾರಂಪರಿಕ ಪ್ರದೇಶದ ನಿಯಮಕ್ಕೆ ವಿರುದ್ಧವೆಂದು ಸುಪ್ರೀಂ ಕೋರ್ಟು ತೀರ್ಪಿತ್ತ ಮೇಲೆ 2020ರಲ್ಲಿ ಅವನ್ನೆಲ್ಲ ತೆರವು ಮಾಡಿದರು. ಹುಡುಗರು ಮಾತ್ರ ಬರುವುದು ಬಿಟ್ಟಿಲ್ಲ, ಸಾಣಾಪುರದ ಕಡೆ ಒರಗಿಕೊಳ್ಳುತ್ತಾರೆ.

“ಗಂಗಾವತಿ ಹಾದಿ ಅಂದ್ರ ನಮ್ಮ ತಂಗಿ ಮನೀ ಮುಂದs ಹಾದು ಹೋಗಬೇಕು,” ಅಂದರು ಬೀಗತಿ. “ಆಕಿ ಮನಿ ಬಿಟ್ಟು ಹೋಟ್ಲದಾಗ ಇಳದ್ವಿ ಅಂದ್ರ ಮುಂದ ಮದಿವಿ ಮುಂಜಿವಿಗೆ ಮಾರಿ ತೋರಸೂದೆಂಗ?”

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮ ಸೀಮೆಯಲ್ಲಿ ಬುಟಿಕ್ ಹೋಟೆಲಿಗೆ ಸ್ಥಳೀಯ ಗಿರಾಕಿ ಯಾಕಿಲ್ಲವೆಂದು ಪ್ರವಾಸೋದ್ಯಮದವರು ತಲೆ ಕೆಡಿಸಿಕೊಳ್ಳುವುದು ಬೇಡ. ಪ್ರತಿ ಊರಲ್ಲೂ ಒಬ್ಬ ತಂಗಿ ಇರುತ್ತಾಳೆ. ಅವಳ ಮನೆಯಲ್ಲಿ ಇಳಿದರೆ ಊಟ ಬೇಡವೆನ್ನುವ ಹಕ್ಕಿಲ್ಲ, ಹೊರಡುವ ಹೊತ್ತನ್ನು ನಿರ್ಧರಿಸುವ ಹಕ್ಕಿಲ್ಲ; ಅಂಥ ಆತಿಥ್ಯದೊಡನೆ ಪೈಪೋಟಿ ಮಾಡುವ ಹೋಟೆಲನ್ನು ಸ್ವಿಸ್ ಕಲಾವಿದರೂ ಕಟ್ಟಲಾರರು.

ಕಡೆಗೆ ಇಬ್ಬರೂ ಗೋವಾಕ್ಕೆ ಹೋದರು. ಅಲ್ಲಿ ಯಾವ ತಂಗಿಯೂ ಇರಲಿಲ್ಲ. 2025ರಲ್ಲಿ ಕುಷ್ಟಗಿಗೆ ರೈಲು ಬಂದಿದ್ದೂ ಅನುಕೂಲವಾಯಿತು, ಹುಬ್ಬಳ್ಳಿಯ ತನಕ ಕಿಟಕಿ ಪಕ್ಕ ಕೂತೇ ಹೋದರಂತೆ. ವಾರದ ಮೇಲೆ ಬೀಗರ ಫೋನು ಬಂತು, ದನಿಯಲ್ಲಿ ಹೊಸ ಠೀವಿ.

“ಬೀಗರs, ನಮ್ಮ ಹೋಟ್ಲದಾಗ ಫ್ರಾನ್ಸಿನ ಗಂಡಾ ಹೆಂಡ್ತಿ ಇದ್ರು. ನೆನಪಿನಾಗ ಉಳಿಯೂ ಅಂಥಾ ಜಾಗಾ ಹೇಳ್ರಿ ಅಂದ್ರು. ನಾ ಆನೆಗುಂದಿ ಹೇಳೀನಿ, ಇಟಗಿ ಹೇಳೀನಿ. ಹಿರೇಬೆಣಕಲ್ ಅಂತೂ ನಗಾರಿ ಬಡದು ತೋರಿಸಿದಂಗ ಹೇಳೀನಿ. ಮುಂದಿನ ವಾರ ಬರಾಕತ್ಯಾರ.”

“ನೀವು ಹಿರೇಬೆಣಕಲ್ ಯಾವಾಗ ನೋಡಿದ್ರಿ?”

“ನೋಡೂದ್ಯಾಕ ಬೇಕು? ನೀವು ಸ್ವಿಟ್ಜರ್ಲೆಂಡ್ ನೋಡೀರೇನು?”

ನಮ್ಮ ಜಿಲ್ಲೆಗೆ ಈಗ ಇಬ್ಬರು ಸಲಹೆಗಾರರು. ಫ್ರಾನ್ಸಿನವರು ಬಂದರೆ ದಾರಿ ತೋರಿಸಲು ಯಾರಾದರೂ ಬೇಕಲ್ಲ. ಗುಡ್ಡ ಏರಲು ಮೊಣಕಾಲು ಗಟ್ಟಿ ಇರುವವರ ಹೆಸರಿದ್ದರೆ ದಯವಿಟ್ಟು ಶಿಫಾರಸು ಮಾಡಿ.